ಅತ್ತಿಗೆಯ ಮಂಗಳವಾರ, ಸ್ವಿಟ್ಜರ್ಲೆಂಡಿನ ಪಾಸು

ರೈಲ್ವೆ ಪಾಸಿನ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂದು ನಾನು ತಿಳಿದಿದ್ದೆ. ಕಡೂರಿನಿಂದ ತರೀಕೆರೆಯ ಶಾಲೆಗೆ ಹೋಗಿಬರುತ್ತ ಅರ್ಧ ಆಯುಷ್ಯವನ್ನು ಮಂಥ್ಲಿ ಪಾಸಿನಲ್ಲೇ ಕಳೆದವಳು ನಾನು. ಬೀರೂರಿನಲ್ಲಿ ಯಾವ ಬೋಗಿ ಖಾಲಿಯಾಗುತ್ತದೆ, ಯಾರ ಪಕ್ಕ ಕರ್ಚೀಫು ಹಾಕಿದರೆ ಸೀಟು ಉಳಿಯುತ್ತದೆ ಎಂಬುದೆಲ್ಲ ಬಾಯಿಪಾಠ. ಹಾಗಾಗಿ ರಿಟೈರಾದ ಮೇಲೆ ಅತ್ತಿಗೆಯನ್ನು ಕರೆದುಕೊಂಡು ಸ್ವಿಟ್ಜರ್ಲೆಂಡಿಗೆ ಹೋಗುವುದೆಂದಾದಾಗ, ಅಲ್ಲಿನ ರೈಲು ಪಾಸನ್ನು ಆರಿಸುವ ಕೆಲಸ ನನ್ನದೆಂದು ನಾನೇ ಸಾರಿಬಿಟ್ಟೆ.

ಅತ್ತಿಗೆ ಎಂದರೆ ಅಜ್ಜಂಪುರದಲ್ಲಿರುವ ನನ್ನ ಅಣ್ಣನ ಹೆಂಡತಿ. ಯಾವುದೋ ಕಾಲದಲ್ಲಿ ಬಟ್ಟೆ ಅಂಗಡಿಯವರು ಕೊಟ್ಟ ಕ್ಯಾಲೆಂಡರಿನಲ್ಲಿ ಸರೋವರದ ಪಕ್ಕ ಓಡುವ ಕೆಂಪು ರೈಲೊಂದಿತ್ತು. ಆ ಹಾಳೆಯನ್ನು ಕತ್ತರಿಸಿ ಬೀರುವಿನ ಬಾಗಿಲ ಒಳಗೆ ಅಂಟಿಸಿಕೊಂಡಿದ್ದರು. ಸೀರೆ ತೆಗೆಯುವಾಗಲೆಲ್ಲ ಅದನ್ನು ನೋಡುತ್ತಿದ್ದರು. ಆದರೆ ಹೊರಡುವ ವಿಷಯ ಬಂದರೆ ಅವರಷ್ಟು ಪುಕ್ಕಲು ಇನ್ನೊಬ್ಬರಿಲ್ಲ. ಮೊದಲು ಹೂಂ ಅನ್ನುವುದು, ಕೊನೆಯ ಗಳಿಗೆಯಲ್ಲಿ ಒಂದು ನೆಪ ತೆಗೆಯುವುದು. ಮನೆಯವರೆಲ್ಲ ಹೆಬ್ಬೆ ಫಾಲ್ಸಿಗೆ ಹೋದಾಗಲೂ ಚಿತ್ರಾನ್ನ ಕಟ್ಟಿಕೊಟ್ಟು ಬಾಗಿಲಲ್ಲೇ ಉಳಿದವರು. ಈ ಸಲ ಅವರು ಬರದಿದ್ದರೆ ನಾನೂ ಹೋಗುವವಳಲ್ಲ. ಒಬ್ಬಳೇ ಹೋಗಿ ಆ ಕೆಂಪು ರೈಲು ನೋಡಿ ಬಂದು ಅವರಿಗೆ ಫೋಟೊ ತೋರಿಸುವುದು ನನಗೆ ಸಾಧ್ಯವಿರಲಿಲ್ಲ.

ಭಾನುವಾರ ಅಜ್ಜಂಪುರದ ಮನೆಯ ಜಗುಲಿಯಲ್ಲಿ ಮೊಬೈಲು ಹಿಡಿದು ಕೂತೆವು. ಮಂಡಿನೋವಿನ ಅಣ್ಣ ತಾನು ಬರುವುದಿಲ್ಲವೆಂದು ಮೊದಲೇ ಹೇಳಿದ್ದ, ಆದರೆ ಸಲಹೆ ಕೊಡಲು ಮಂಡಿ ಬೇಕಿಲ್ಲವಲ್ಲ.

"ಪಾಸ್ ಯಾಕೆ? ಎಲ್ಲೆಲ್ಲಿ ಹೋಗ್ತೀರೋ ಅಲ್ಲಲ್ಲಿಗೆ ಟಿಕೆಟ್ ತಗಳ್ರಿ, ಮುಗೀತು" ಎಂದ.

"ಬೇಡ ಕಣ್ರೀ, ಟಿಕೆಟ್ ಅಂದ್ರೆ ಅದ್ರಲ್ಲಿ ಬರ್ದಿರೋ ಕಡೇನೇ ಇಳೀಬೇಕು. ಇಳೀಬೇಕು ಅನ್ಸಿದ್ ಕಡೆ ಇಳಿಯೋ ಹಾಗಿರ್ಬೇಕು" ಎಂದರು ಅತ್ತಿಗೆ.

ಅಲ್ಲಿಗೆ ಪಾಸು ಎಂದು ನಿಶ್ಚಯವಾಯಿತು. ನಾನು ಆರಿಸಿದ್ದು ಬಿಡುವಿಲ್ಲದೆ ಒಂದು ವಾರ ದಿನವೂ ಓಡಾಡುವ ಪಾಸು. ಪಾಸು ತೆಗೆದ ಮೇಲೆ ದಿನಾ ಹತ್ತದಿದ್ದರೆ ಹೊಟ್ಟೆ ಉರಿಯುವ ಜಾತಿ ನಮ್ಮದು. ಅತ್ತಿಗೆ ಬೆರಳು ಮಡಚಿ ವಾರ ಎಣಿಸಿದರು.

"ಮಧ್ಯ ಮಂಗಳವಾರ ಬತ್ತದಲ್ಲೇ. ಮಂಗಳವಾರ ನಾನು ಹೊರಡಲ್ಲ."

ನನಗೆ ಪಿತ್ತ ನೆತ್ತಿಗೇರಿತು. "ಅತ್ತಿಗೆ, ಅಲ್ಲಿನ ರೈಲಿಗೆ ನಿಮ್ಮ ಮಂಗಳವಾರ ಗೊತ್ತಾಗುತ್ತಾ?"

"ರೈಲಿಗೆ ಗೊತ್ತಾಗೋದು ಬೇಡ ಕಣೇ. ನಂಗ್ ಗೊತ್ತಾಗುತ್ತಲ್ಲ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಗೊಣಗುತ್ತ ಮತ್ತೆ ಮೊಬೈಲು ತಡಕಿದೆ. ಆಗ ಸಿಕ್ಕಿತು ಇನ್ನೊಂದು ಪಾಸು. ಒಂದು ತಿಂಗಳೊಳಗೆ ನಮಗೆ ಇಷ್ಟವಾದ ಆರು ದಿನ ಆರಿಸಿಕೊಳ್ಳಬಹುದು. ಬೇಡವಾದ ದಿನ ಕಾಲು ಚಾಚಿ ಮಲಗಬಹುದು. ಅತ್ತಿಗೆಯ ಮುಖ ಅರಳಿತು. "ಪಂಚಾಂಗ ನೋಡೋರು ಯಾರೋ ಅಲ್ಲೂ ಅವ್ರೆ" ಎಂದು ಪಾಸು ಮಾಡಿದವರನ್ನು ಹೊಗಳಿದರು. ನಾವು ಮೂವರೂ ಕ್ಯಾಲೆಂಡರು ಮುಂದಿಟ್ಟುಕೊಂಡು ಮಂಗಳವಾರ ಬಿಟ್ಟು, ಅಮಾವಾಸ್ಯೆ ಬಿಟ್ಟು ಆರು ದಿನ ಗುರುತು ಹಾಕಿದೆವು. ಕೂಸು ಹುಟ್ಟುವ ಮುಂಚೆ ಕುಲಾವಿ ಎಂಬಂತೆ ಆ ಸಂಜೆಯೇ ಅತ್ತಿಗೆ ಚಟ್ನಿಪುಡಿಗೆ ಬೇಳೆ ಹುರಿದರು.

ಇಷ್ಟೆಲ್ಲ ಎಚ್ಚರ ವಹಿಸಿದ ನಾನು, ವಿಮಾನದ ಟಿಕೆಟ್ಟನ್ನು ಮಾತ್ರ ಮಂಗಳವಾರಕ್ಕೇ ಮಾಡಿಸಿಬಿಟ್ಟಿದ್ದೆ! ಪಾಸಿನ ಗುಂಗಿನಲ್ಲಿ ಊರು ಬಿಡುವುದು ಯಾವ ವಾರ ಎಂದು ನೋಡಿಯೇ ಇರಲಿಲ್ಲ.

"ಊರಿಗೆಲ್ಲ ಶಕುನ ಹೇಳೋ ಹಲ್ಲಿ ತಾನೇ ಬಚ್ಚಲಿಗೆ ಬಿತ್ತಂತೆ" ಎಂದು ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ಅತ್ತಿಗೆ ನಗಲಿಲ್ಲ. "ಹಂಗಾದ್ರೆ ಬೇಡ ಬಿಡೇ, ಇನ್ನೊಂದ್ ಸಲ ನೋಡಾನ" ಎಂದು ಒಳಗೆ ಹೋದರು. ಆ ಇನ್ನೊಂದು ಸಲ ಯಾವತ್ತೂ ಬರುವುದಿಲ್ಲವೆಂದು ನನಗೆ ಗೊತ್ತಿತ್ತು. ಅಳು ಬಂದಂತಾಯಿತು.

ನಮ್ಮನ್ನು ಕಾಪಾಡಿದವರು ಪಕ್ಕದ ಮನೆಯ ಆಪಾ. ಅತ್ತಿಗೆಯ ರವಿಕೆಗಳನ್ನೆಲ್ಲ ಹೊಲಿಯುವವರು, ಆ ಬೀದಿಯಲ್ಲಿ ನಮಗಿಂತ ಹಳಬರ ಮನೆಯವರು. ಹೊಸ ರವಿಕೆ ಕೊಡಲು ಬಂದವರು ನಮ್ಮ ಸಪ್ಪೆ ಮುಖ ನೋಡಿ ಸಂಗತಿ ಕೇಳಿ, "ಅಷ್ಟೇನಾ ಅಕ್ಕಾ? ಪರಸ್ಥಾನ ಇಟ್ರಾಯ್ತಪ್ಪ. ನಿಮ್ಮತ್ತೆ ನಮ್ಮನೇಲೇ ಇಡ್ತಿರ್ಲಿಲ್ವಾ?" ಎಂದರು.

ಹೌದಲ್ಲ! ಹೊರಡಬಾರದ ದಿನ ಹೊರಡಲೇಬೇಕಾದರೆ, ಹಿಂದಿನ ದಿನವೇ ಒಳ್ಳೆಯ ಹೊತ್ತು ನೋಡಿ ಒಂದು ಗಂಟನ್ನು ಬೇರೆಯವರ ಮನೆಯಲ್ಲಿಟ್ಟು ಬರುವುದು. ಅಲ್ಲಿಗೆ ಪ್ರಯಾಣ ಅವತ್ತೇ ಶುರುವಾದಂತೆ. ಮಾರನೆಯ ದಿನ ಆ ಗಂಟು ಎತ್ತಿಕೊಂಡು ಮುಂದೆ ಹೋದರಾಯಿತು. ನಮ್ಮಮ್ಮ ನಮ್ಮನ್ನೆಲ್ಲ ಹಾಗೇ ಕಳಿಸುತ್ತಿದ್ದರು, ಮತ್ತು ಆ ಗಂಟುಗಳೆಲ್ಲ ಆಪಾರ ಮನೆಯ ಹೊಲಿಗೆ ಮಿಷಿನ್ನಿನ ಪಕ್ಕದಲ್ಲೇ ರಾತ್ರಿ ಕಳೆಯುತ್ತಿದ್ದವು.

ಸೋಮವಾರ ಬೆಳಿಗ್ಗೆ ಅತ್ತಿಗೆ ಕೈಚೀಲದಲ್ಲಿ ಒಂದು ಸೀರೆ, ಹಿಡಿ ಅಕ್ಕಿ, ಅರಿಶಿನದ ಕೊಂಬು ಹಾಕಿ ಆಪಾರ ಮನೆಯಲ್ಲಿಟ್ಟು ಬಂದರು. ನಾನು ನಿಟ್ಟುಸಿರು ಬಿಟ್ಟೆ. ಆದರೆ ಸಂಜೆಯ ಹೊತ್ತಿಗೆ ಅವರ ಮುಖ ಬಾಡಿತ್ತು. ಸೀರೆ ಬದಲಾಯಿಸಬೇಕು ಎನ್ನುತ್ತ ಚೀಲ ತರಲು ಹೊರಟರು. ಆ ದನಿ ನನಗೆ ಗೊತ್ತಿದ್ದ ದನಿಯೇ, ಹೆಬ್ಬೆಗೆ ಬರದೆ ಬಾಗಿಲಲ್ಲೇ ಉಳಿದ ದಿನದ ದನಿ. ಹಿಂದೆಯೇ ಓಡಿದೆ.

ಆಪಾ ಬಾಗಿಲಿಗೆ ಅಡ್ಡ ನಿಂತಿದ್ದರು. "ಊಹೂಂ. ಇಟ್ಟಿದ್ದು ವಾಪಸ್ ಮನೆಗೆ ತಗೊಂಡ್ ಹೋಗೋ ಹಾಗಿಲ್ಲ. ನಾಳೆ ಬನ್ನಿ, ಇಲ್ಲಿಂದಾನೇ ಹೊರಡಿ."

"ಒಂದ್ ಸೀರೆ ಆಪಾ..."

"ನಾಳೆ" ಎಂದು ಬಾಗಿಲು ಹಾಕಿಕೊಂಡೇಬಿಟ್ಟರು. ಅತ್ತಿಗೆ ಬೀದಿಯಲ್ಲಿ ನಿಂತು ನನ್ನ ಮುಖ ನೋಡಿದರು, ಆಮೇಲೆ ಇಬ್ಬರೂ ನಕ್ಕೆವು. ಮಂಗಳವಾರ ಬೆಳಿಗ್ಗೆ ಚೀಲ ಎತ್ತಿಕೊಂಡು ಊರು ಬಿಟ್ಟೆವು.

ಸ್ವಿಟ್ಜರ್ಲೆಂಡಿನ ರೈಲಿನಲ್ಲಿ ಅತ್ತಿಗೆಗೆ ಕಿಟಕಿ ಪಕ್ಕದ ಸೀಟು, ಯಾರೂ ಕರ್ಚೀಫು ಹಾಕದ ಸೀಟು. ಎರಡನೇ ದಿನವೇ ಹೆಸರು ಓದಲಾಗದ ಒಂದು ಸಣ್ಣ ಸ್ಟೇಷನ್ನಿನಲ್ಲಿ ಎದ್ದು ಇಳಿದುಬಿಟ್ಟರು. ನಾನು ಗಾಬರಿಯಿಂದ ಹಿಂದೆ ಧುಮುಕಿದೆ. ಒಂದು ಬೆಂಚು, ಒಂದು ಹುಲ್ಲುಗಾವಲು, ಗಂಟೆ ಕಟ್ಟಿದ ನಾಲ್ಕು ಹಸು.

"ಇಲ್ಲಿ ನೋಡೋಕೆ ಏನಿದೆ ಅತ್ತಿಗೆ?"

"ನೋಡೋಕಲ್ಲ ಕಣೇ, ಇಳಿಯೋಕೆ." ಬೆಂಚಿನ ಮೇಲೆ ಚಟ್ನಿಪುಡಿಯ ಡಬ್ಬಿ ತೆಗೆದರು. "ಬಾಣಂತನಕ್ಕೆ, ಮದ್ವೆಗೆ, ಸಾವಿಗೆ ಅಂತ ಎಷ್ಟ್ ರೈಲು ಹತ್ತಿದ್ದೀನಿ. ಯಾರೂ ನಂಗೋಸ್ಕರ ಕಾಯ್ತಾ ಇಲ್ದಿರೋ ಸ್ಟೇಷನ್ನಲ್ಲಿ ಒಂದ್ ಸಲಾನೂ ಇಳಿದಿರ್ಲಿಲ್ಲ."

ನನಗೆ ಎಷ್ಟು ಸಂತೋಷವಾಯಿತೆಂದರೆ, ಮುಂದಿನ ಊರಿನ ಪ್ಲಾನು ಹಾಳಾದದ್ದಕ್ಕೆ ಬೈಯುವುದನ್ನೂ ಮರೆತೆ.

ಕೆಂಪು ರೈಲಿನ ಸರದಿ ಕೊನೆಗಿತ್ತು. ಆದರೆ ಗುರುತು ಹಾಕಿಟ್ಟ ದಿನ ಅತ್ತಿಗೆಗೆ ಜ್ವರ ಬಂತು. ಹುಷಾರಾದಾಗ ಪಾಸಿನಲ್ಲಿ ಒಂದು ದಿನ ಉಳಿದಿತ್ತು, ನಮಗೂ ಒಂದೇ ದಿನ ಉಳಿದಿತ್ತು. ಅದು ಮಂಗಳವಾರ.

"ಬೇಡ ಬಿಡಿ ಅತ್ತಿಗೆ" ಎಂದೆ. ಈ ಸಲ ನನಗೆ ನಿಜವಾಗಿಯೂ ಸಿಟ್ಟಿರಲಿಲ್ಲ. ಸೋಮವಾರ ಸಂಜೆ ನೋಡುತ್ತೇನೆ, ಅವರ ಕೈಚೀಲ ಕೋಣೆಯಲ್ಲಿಲ್ಲ. ನಾವಿದ್ದ ಮನೆಯ ಕೆಳಗಡೆ ಒಬ್ಬ ಅಜ್ಜಿ ಇದ್ದರು. ಅವರ ಕುರ್ಚಿಯ ಪಕ್ಕದಲ್ಲಿ ಚೀಲ ಕೂತಿತ್ತು. ಅತ್ತಿಗೆಗೆ ಕನ್ನಡ ಬಿಟ್ಟು ಬೇರೆ ಬಾರದು, ಅಜ್ಜಿಗೆ ಕನ್ನಡ ಬಾರದು.

"ಏನು ಹೇಳಿ ಒಪ್ಪಿಸಿದಿರಿ?" ಎಂದು ಕೇಳಿದೆ.

"ಆಪಾಗೆ ಹೇಳಿದ್ದನ್ನೇ ಹೇಳ್ದೆ" ಎಂದರು ಅತ್ತಿಗೆ, ನಾಳೆಗೆ ಸೀರೆ ಮಡಚುತ್ತ. "ನಾನೇ ಬಂದು ವಾಪಸ್ ಕೇಳ್ತೀನಿ, ಏನ್ ಮಾಡಿದ್ರೂ ಕೊಡ್ಬೇಡಿ ಅಂತ."