ತೆಂಗಿನಕಾಯಿಯ ಮೇಲೆ ಇಡಿಸಿದ ಕೈ

ನಿಶಾ, ನಿನ್ನ ಬಾಯಿ ಮುಚ್ಚಿಸಿದವಳು ನಾನು. ತಿಳಿಯದೆ ಅಲ್ಲ — ಎಲ್ಲ ತಿಳಿದೇ ಮುಚ್ಚಿಸಿದೆ.

ನಿನಗಾಗ ಒಂಬತ್ತು ವರ್ಷ. ನಿನ್ನಮ್ಮ ವನಜ ದಾದರಿನ ಆಫೀಸಿನಿಂದ ಲೋಕಲ್ ರೈಲು ಹಿಡಿದು ವಿಲೆ ಪಾರ್ಲೆಗೆ ಮರಳುವ ತನಕ ನೀನು ನಮ್ಮ ಮನೆಯಲ್ಲೇ ಇರುತ್ತಿದ್ದೆ. ಶಾಲೆಯಿಂದ ಬಂದವಳಿಗೆ ಬೆಲ್ಲ ಹಾಕಿದ ಅವಲಕ್ಕಿ, ಅರ್ಧ ಲೋಟ ಹಾಲು. ಒಂದು ಗುರುವಾರ ನೀನು ಅವಲಕ್ಕಿ ಮುಟ್ಟಲಿಲ್ಲ.

"ಆಂಟಿ, ಆ ದೊಡ್ಡ ಅಂಕಲ್ ಬಂದ್ರೆ ನಾನು ಇಲ್ಲಿ ಇರಲ್ಲ," ಎಂದೆ. ಆಮೇಲೆ, ತಲೆ ತಗ್ಗಿಸಿ, ಎಲ್ಲವನ್ನೂ ಹೇಳಿದೆ.

ದೊಡ್ಡ ಅಂಕಲ್ ಎಂದರೆ ನನ್ನ ಗಂಡನ ಅಣ್ಣ. ನಾವಿದ್ದ ಮನೆ ಅವರದು, ನನ್ನ ಗಂಡ ದುಡಿಯುತ್ತಿದ್ದ ಹೋಟೆಲೂ ಅವರದು. ನಿನ್ನ ಒಂದೊಂದು ಮಾತನ್ನೂ ನಂಬಿದೆ. ನಂಬಿಯೂ ದೇವರ ಗೂಡಿನ ಮುಂದೆ ಕೂರಿಸಿ, ತೆಂಗಿನಕಾಯಿಯ ಮೇಲೆ ನಿನ್ನ ಕೈ ಇಡಿಸಿದೆ. ನಮ್ಮೂರ ಕಡೆ ಜಾಗದ ತಕರಾರಿಗೆ ದೊಡ್ಡವರು ಹಾಕುವ ಆಣೆ ಅದು — ಮಗುವಿನ ಕೈಯಲ್ಲಿ ಹಾಕಿಸಿದೆ.

"ಯಾರಿಗಾದ್ರೂ ಹೇಳಿದ್ರೆ ನಿನ್ನ ಅಮ್ಮನಿಗೆ ಏನಾದ್ರೂ ಆಗ್ತದೆ. ಗೊತ್ತುಂಟಲ್ಲ?"

ಆ ಮಳೆಗಾಲದಲ್ಲೇ ವನಜ ಡೆಂಗಿಯಿಂದ ತೀರಿಕೊಂಡಳು. ಹನ್ನೊಂದನೆಯ ದಿನ ನೀನು ನನ್ನ ಸೆರಗು ಹಿಡಿದೆ. "ಸ್ಕೂಲಲ್ಲಿ ಫ್ರೆಂಡ್‌ಗೆ ಹೇಳಿಬಿಟ್ಟೆ ಆಂಟಿ. ಅದಕ್ಕೇ ಅಮ್ಮ ಹೋದ್ಲಾ?"

ಇಲ್ಲ ಮಗಾ ಎನ್ನಲು ಎಷ್ಟು ಹೊತ್ತು ಬೇಕಿತ್ತು? ನಾನು ಬಾಳೆಲೆ ಒರೆಸುತ್ತಲೇ ಇದ್ದೆ. ಇಲ್ಲ ಎಂದರೆ ನೀನು ಮತ್ತೆ ಯಾರಿಗಾದರೂ —

ನಿನ್ನೆ ಪಕ್ಕದ ಮನೆಯ ಕುಸುಮಕ್ಕ ಪೇಪರ್ ಹಿಡಿದು ಬಂದರು. ಮಕ್ಕಳಿಗೆ ಕೇಡು ಮಾಡಿದವರ ಶಿಕ್ಷೆಯನ್ನು ಸರ್ಕಾರ ಇನ್ನೂ ಬಿಗಿ ಮಾಡುತ್ತಿದೆಯಂತೆ.

"ಗಲ್ಲಿಗೇ ಹಾಕ್ಬೇಕು ಮಾರಾಯ್ತಿ. ಮುಚ್ಚಿಟ್ಟವರನ್ನೂ ಬಿಡ್ಬಾರ್ದು!"

"ಹೌದು," ಎಂದೆ, ಬೀನ್ಸಿನ ನಾರು ತೆಗೆಯುತ್ತ.

ಭಾವ ಹೋದ ವರ್ಷ ತೀರಿಕೊಂಡರು. ಹೋಟೆಲಿನ ಗೋಡೆಯಲ್ಲಿ ಅವರ ಫೋಟೋಕ್ಕೆ ದಿನಾ ಹೊಸ ಹಾರ. ಯಾವ ಕಾನೂನೂ ಇನ್ನು ಅವರನ್ನು ಮುಟ್ಟುವುದಿಲ್ಲ. ಮುಟ್ಟಿದರೆ ನನ್ನನ್ನು ಮುಟ್ಟಬೇಕು — ಅದಕ್ಕೂ ನೀನೇ ಬಾಯಿ ಬಿಡಬೇಕು. ಇದೇ ಊರಿನ ಪವಾಯಿಯಲ್ಲಿರುವ ನೀನು ನನ್ನ ಫೋನ್ ಎತ್ತುವುದಿಲ್ಲ. ಎತ್ತಬೇಡ.

ಅಮ್ಮ ಹೋದದ್ದು ಜ್ವರದಿಂದ, ನಿಶಾ. ನೀನು ಹೇಳಿದ್ದರಿಂದ ಅಲ್ಲ.

ಇಷ್ಟನ್ನು ಬರೆಯಲು ಹದಿನೈದು ವರ್ಷ ಬೇಕಾಯಿತು. ನಿನಗೆ ಕನ್ನಡ ಓದಲು ಬರುವುದಿಲ್ಲ — ಅದು ಗೊತ್ತಿದ್ದೇ ಕನ್ನಡದಲ್ಲಿ ಬರೆದೆ.