ಕೆಂಪು ಪೈಪುಗಳ ಅತ್ತಿಗೆ

ಹೊತ್ತು ಮೂಡುವಷ್ಟರಲ್ಲಿ ಅತ್ತಿಗೆ ಏಣಿಯ ಮೇಲಿದ್ದಾರೆ. ವಿದ್ಯುತ್ ಕೇಂದ್ರದ ಅಂಗಳದಲ್ಲಿ ಮನೆಯಷ್ಟು ದೊಡ್ಡ ಟ್ರಾನ್ಸ್‌ಫಾರ್ಮರ್. ಅದರ ಸುತ್ತ ಕೆಂಪು ಪೈಪುಗಳ ಪಂಜರ, ಪೈಪಿನುದ್ದಕ್ಕೂ ನೀರು ಚಿಮ್ಮುವ ಹಿತ್ತಾಳೆ ಮೂತಿಗಳು. ದುರಸ್ತಿಗೆಂದು ಇವತ್ತು ಕರೆಂಟು ತೆಗೆದಿದ್ದಾರೆ. ಒಂದು ಮೂತಿಯೊಳಗೆ ಕಣಜ ಮಣ್ಣಿನ ಗೂಡು ಕಟ್ಟಿದೆ. "ಹೇಳೋದಿಲ್ಲ, ಕೇಳೋದಿಲ್ಲ, ಬಂದು ಕೂತ್ಬಿಡೋದಾ? ನಡಿಯಮ್ಮ, ಬೇರೆ ಮನೆ ನೋಡ್ಕೋ," ಎನ್ನುತ್ತಾ ತಂತಿಯಿಂದ ಕೆರೆದು ತೆಗೆಯುತ್ತಾರೆ.

ಕ್ಯಾಂಟೀನಿನ ಅಡುಗೆಯವನು ಅವರ ಮೈದುನ. ಅವನು ಕರೆದದ್ದು ಕೇಳಿ ಕೇಳಿ ಇಡೀ ಕೇಂದ್ರಕ್ಕೇ ಅತ್ತಿಗೆಯಾಗಿದ್ದಾರೆ. ಸೇರಿದ್ದು ಗಿಡಗಳಿಗೆ ನೀರು ಹಾಕಲು. ಈ ಪೈಪುಗಳನ್ನು ನೋಡಿಕೊಳ್ಳುತ್ತಿದ್ದ ಹಳೆಯ ಫಿಟ್ಟರ್‌ಗೆ ಮಂಡಿನೋವು ಬಂದಾಗ, "ನೀನು ಹತ್ತಮ್ಮ, ನಾನು ಕೆಳಗಿಂದ ಹೇಳ್ತೀನಿ" ಎಂದರಂತೆ. ಹತ್ತಿದವರು ಕೆಲಸ ಕಲಿತೇ ಇಳಿದರು. ಬೆಂಕಿಯ ಕಾವಿಗೆ ಪೈಪಿಗೆ ಕೂರಿಸಿದ ಗಾಜಿನ ಪುಟ್ಟ ಬಲ್ಬು ಒಡೆದರೆ ಸಾಕು, ನೀರಿನ ಕವಾಟ ತಾನಾಗಿ ತೆರೆದು ಎಲ್ಲ ಮೂತಿಗಳಿಂದ ಒಮ್ಮೆಲೇ ನೀರು ಸಿಡಿಯಬೇಕು. ಅದನ್ನು ಸದಾ ಸಿದ್ಧವಾಗಿಡುವುದು ಅವರ ಪಾಲಿಗೆ ಬಂತು. ಆದರೆ ವರ್ಷಗಟ್ಟಲೆ ಬೆಂಕಿಯೇ ಬೀಳಲಿಲ್ಲ. "ಮನೇಲಿ ಯಜಮಾನ್ರು ತಮಾಷೆ ಮಾಡೋರು. ದಿನಾ ಹೋಗಿ ಅದೇನ್ ಆರಿಸ್ತೀಯೇ ಅಂತ."

ಹೋದ ಬೇಸಿಗೆಯಲ್ಲಿ ಬಿತ್ತು. ಊಟದ ಡಬ್ಬಿ ಬಿಚ್ಚುತ್ತಿದ್ದಾಗ ಢಮ್ಮೆಂದು ಸದ್ದು. ಟ್ರಾನ್ಸ್‌ಫಾರ್ಮರ್ ಮೇಲೆ ತಂತಿ ಹಿಡಿದಿದ್ದ ಪಿಂಗಾಣಿ ಕಂಬ ಸಿಡಿದು ಒಳಗಿನ ಎಣ್ಣೆಗೆ ಬೆಂಕಿ. ಕಾಂಪೌಂಡಿಗೆ ಅಂಟಿಕೊಂಡೇ ಮನೆಗಳ ಸಾಲು, ತಂತಿಯಲ್ಲಿ ಮಕ್ಕಳ ಬಟ್ಟೆ. "ಬಾ, ಬಾ, ಬಾರೇ ಅಂತ ನೀರನ್ನೇ ಕರೀತಾ ನಿಂತಿದ್ದೆ."

ಕವಾಟ ಗುಡುಗಿತು. ನಾಲ್ಕೂ ಕಡೆಯಿಂದ ನುಗ್ಗಿದ ತುಂತುರಿನೊಳಗೆ ಬೆಂಕಿ ಒಮ್ಮೆ ಎಗರಿತು, ಮತ್ತೊಮ್ಮೆ ಎಗರಿತು, ಆಮೇಲೆ ಉಸಿರು ಬಿಟ್ಟಿತು. ಗಂಟೆ ಬಾರಿಸುತ್ತಾ ಬಂದ ಅಗ್ನಿಶಾಮಕದವರು "ಎಲ್ಲಿ ಬೆಂಕಿ?" ಎಂದರೆ, ಅತ್ತಿಗೆ, "ಮುಗೀತು ಸಾರ್. ಬಂದಿದ್ದೀರಿ, ಊಟ ಮಾಡ್ಕೊಂಡು ಹೋಗಿ" ಎಂದರಂತೆ. ಪಂಜರದ ಸುತ್ತ ಹೋಗಿ ಮೂತಿಗಳನ್ನೆಲ್ಲ ನೋಡಿ ಬಂದಮೇಲೇ ಅವರು ಡಬ್ಬಿಯ ಮುಂದೆ ಕೂತದ್ದು. ಒಂದೂ ಕಟ್ಟಿಕೊಂಡಿರಲಿಲ್ಲ.

ಯಂತ್ರ ಚೆನ್ನಾಗಿ ಕೆಲಸ ಮಾಡಿತೆಂದು ಆ ಸಂಜೆ ಎಲ್ಲರೂ ಹೊಗಳಿದರು. "ಯಂತ್ರಾನೇ ಮಾಡಿದ್ದು, ಸುಳ್ಳಲ್ಲ," ಅತ್ತಿಗೆ ಸೆರಗಿಂದ ಬೆವರೊರೆಸಿಕೊಂಡು ನಗುತ್ತಾರೆ. "ಆದ್ರೆ ಅವತ್ತು ಮನೆಗೆ ಹೋಗೋವಾಗ ಬಸ್ಸಲ್ಲಿ ಪಕ್ಕ ಕೂತಿದ್ದ ಹೆಂಗಸಿಗೆ, ಗುರುತಿಲ್ಲ ಪರಿಚಯವಿಲ್ಲ, ಶುರುವಿಂದ ಎಲ್ಲಾ ಹೇಳ್ಬಿಟ್ಟೆ. ಅವ್ರ ಸ್ಟಾಪ್ ಬಂತು, ಹೋಯ್ತು. ಅವ್ರು ಇಳೀಲೇ ಇಲ್ಲ."