ಸದ್ದು ಮಾಡದ ಅಕ್ರೋಟು

ಸಿಸ್ಟರ್ ಕೊಟ್ಟ ಅಕ್ರೋಟನ್ನು ಅವ್ವ ಒಡೆಯಲಿಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಅಟ್ಟದ ಮೇಲಿನ ತೆಂಗಿನಕಾಯಿಯನ್ನು ನಮ್ಮ ಕಡೆ ಹಾಗೆಯೇ ನೋಡುವುದು. ಒಣಗಿದ ಕೊಬ್ಬರಿ ಚಿಪ್ಪು ಬಿಟ್ಟಿದ್ದರೆ ಒಳಗೆ ಸದ್ದಾಗುತ್ತದೆ.

ಅವ್ವನ ಕಾಲಿನ ಗಾಯಕ್ಕೆ ಪಟ್ಟಿ ಕಟ್ಟಿಸಲೆಂದು ದಬ್ಬೇಘಟ್ಟದ ಕಡೆಯ ಪುಟ್ಟ ಮಿಷನ್ ಆಸ್ಪತ್ರೆಗೆ ಹೋಗಿದ್ದೆವು. ಇಟಲಿಯಿಂದ ಬಂದು ಇಪ್ಪತ್ತು ವರ್ಷವಾಗಿದ್ದ ಸಿಸ್ಟರ್ ಅಂದು ಮೇಜಿನ ಮೇಲೆ ಒಂದು ಪಾರ್ಸೆಲ್ ಬಿಚ್ಚಿಟ್ಟುಕೊಂಡು ಕೂತಿದ್ದರು. ದೇಶ ಬಿಟ್ಟು ಹೋದವರಿಗೆಲ್ಲ ಅವರ ಊರಿನವರು ಊರ ಮರದ ಅಕ್ರೋಟು ಕಳಿಸಿದ್ದರಂತೆ. ಇವರ ಪಾಲಿಗೆ ಐದು. ಆ ಸಂತೋಷ ಹೇಳಿಕೊಳ್ಳಲು ಅವರಿಗೆ ಸಿಕ್ಕಿದ್ದು ನಾವಿಬ್ಬರೇ.

“ಚಿಪ್ಪು ಬಿಟ್ಟೈತೆ ಕಣ್ ಸಿಸ್ಟ್ರಮ್ಮ, ಒಳ್ಗೆ ಸದ್ದಾಯ್ತೈತೆ,” ಎಂದಳು ಅವ್ವ.

ಸಿಸ್ಟರ್ ನಗುತ್ತಲೇ ಉಳಿದವನ್ನೂ ಒಂದೊಂದಾಗಿ ಕಿವಿಗೆ ಹಿಡಿದರು. ಮೂರು ಸದ್ದು ಮಾಡಿದವು. ಅವನ್ನು ನನ್ನ ಕೈಗೆ ಹಾಕಿದರು. ಕೊನೆಯದನ್ನು ಬಹಳ ಹೊತ್ತು ಅಲ್ಲಾಡಿಸಿದರು. ನಗು ನಿಂತಿತ್ತು.

“ಇಪ್ಪತ್ತು ವರ್ಷವಾಯಿತು. ಇದು ಇನ್ನೂ ಬಿಟ್ಟಿಲ್ಲ,” ಎಂದು ಅದನ್ನು ಜೇಬಿಗೆ ಹಾಕಿಕೊಂಡು, ಅವ್ವನ ಪಟ್ಟಿ ಬಿಚ್ಚಲು ಬಗ್ಗಿದರು.

ಈಗಲೂ ನಮ್ಮ ಅಟ್ಟದಲ್ಲಿ ಸದ್ದು ಮಾಡದ ಕಾಯಿ ಕೈಗೆ ಸಿಕ್ಕರೆ ಮೆಲ್ಲಗೆ ಇದ್ದಲ್ಲೇ ಇಡುತ್ತೇನೆ. ಎರಡನೇ ಸಲ ಅಲ್ಲಾಡಿಸಲು ಮನಸ್ಸು ಬರುವುದಿಲ್ಲ.